ಕಡತದೊಳಗಿನ ಕನ್ನಡ

ಮುಂಬಯಿಯಲ್ಲಿ ದುಡಿದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಕನ್ನಡ ಬೆರಳಚ್ಚು ಸುಲಭವಾಯಿತು. ಆದರೆ ಕಡತದಲ್ಲಿ ಉಳಿಯುವುದೇನು ಎಂಬುದು ಬೇರೆಯೇ ಪ್ರಶ್ನೆ. 1998ರ ‘ಬರಹ’, ಅನಂತರದ ‘ನುಡಿ’ ಇವುಗಳ ಹಳೆಯ ಕಡತಗಳಲ್ಲಿ ಇದ್ದದ್ದು ರೋಮನ್ ಅಕ್ಷರಗಳ ಸಂಕೇತಗಳೇ. ಫಾಂಟ್ ಅವಕ್ಕೆ ಕನ್ನಡದ ವೇಷ ತೊಡಿಸುತ್ತಿತ್ತು. ಆ ಫಾಂಟ್ ಇಲ್ಲದ ಗಣಕದಲ್ಲಿ ಲೇಖನವೆಲ್ಲ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದ್ದರೂ ಅದು ಬಳಕೆಗೆ ಬಂದದ್ದು ನಿಧಾನವಾಗಿ.

ಪರಿಹಾರ ಸರಳ: ಫೋಲ್ಡರಿನ ಒಂದೊಂದೇ ಕಡತವನ್ನು ಓದಿ, ಸಂಕೇತಗಳನ್ನು ಬದಲಿಸಿ, ಮೂಲವನ್ನು ಮುಟ್ಟದೆ ಬೇರೊಂದು ಫೋಲ್ಡರಿನಲ್ಲಿ ಬರೆದಿಡುವ ಕಿರು ಪ್ರೋಗ್ರಾಮ್. ಕಾರ್ಖಾನೆಗಳ ವಾಗ್ಳೆ ಎಸ್ಟೇಟಿನಲ್ಲಿ ಇಂದು ಗಣಕ ಕಚೇರಿಗಳೂ ಇವೆ. ಅಲ್ಲಿನ ಕನ್ನಡದ ತರುಣರು ಸಂಘಗಳ ಹಳೆಯ ಸ್ಮರಣ ಸಂಚಿಕೆಗಳಿಗೆ ಒಂದು ಭಾನುವಾರವನ್ನು ಕೊಟ್ಟರೆ, ಹೊರನಾಡ ಕನ್ನಡಿಗರ ಚರಿತ್ರೆಯ ಒಂದು ಅಧ್ಯಾಯ ಓದಲು ಉಳಿದೀತು.