ಗುಂಯ್ ಅನ್ನೋ ಸದ್ದು, ಅರಗಿನ ಪ್ಲೇಟು ಮತ್ತು ನಾನು ಮಾಡಿದ ಒಂದು ತಪ್ಪು

ಹೋದ ಅಮಾವಾಸ್ಯೆಗೆ ಬೇವೂರಿಗೆ ಹೋಗಿದ್ದೆ. ರಾತ್ರಿ ಕರೆಂಟು ಹೋಗಿತ್ತು. ಪಡಸಾಲೆಯಲ್ಲಿ ಕತ್ತಲಲ್ಲೇ ಕೂತು ಹೆಡ್‌ಫೋನ್ ಹಾಕಿಕೊಂಡು ಲಸ್ಟ್‌ಮಾರ್ಡ್‌ನ 'ಹೆರೆಸಿ' ಕೇಳ್ತಾ ಇದ್ದೆ. ಕಾಕಾ ಬಂದು ಬಾಜೂಕೆ ಕೂತರು. "ಏನ ಕೇಳಾಕತ್ತೀಯೋ?" ಅಂದರು. ಒಂದು ಕಿವಿಯದ್ದನ್ನು ಅವರಿಗೆ ಹಚ್ಚಿದೆ. ಐದು ನಿಮಿಷ ಸುಮ್ಮನೆ ಕೇಳಿದರು. ಆಮೇಲೆ ಬಹಳ ಗಂಭೀರವಾಗಿ, "ತಮ್ಮಾ, ಬರೇ ತಂಬೂರಿನ ಐತಲ್ಲ. ಹಾಡಾವ್ರು ಯಾವಾಗ ಬರ್ತಾರ?" ಅಂದರು.

ನಾನು ನಕ್ಕುಬಿಟ್ಟೆ. ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ. ವಾಪಸ್ ಬಂದು ಓದುತ್ತಾ ಹೋದರೆ, ಕಾಕಾ ತಮಾಷೆ ಮಾಡದೇ ಆಡಿದ ಆ ಮಾತಿನಲ್ಲಿ ಅರ್ಧದಷ್ಟಾದರೂ ಇತಿಹಾಸ ಇದೆ ಅಂತ ಗೊತ್ತಾಯ್ತು. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಕೂತ್ಕೊಳ್ಳಿ.

ಕೇಳದವರಿಗೆ ಮೊದಲು ಇಷ್ಟು ಹೇಳಿಬಿಡುತ್ತೇನೆ. 1975ರಲ್ಲಿ ಬ್ರಯಾನ್ ಈನೋ ಎಂಬ ಇಂಗ್ಲೆಂಡಿನ ಸಂಗೀತಗಾರ ಅಪಘಾತವಾಗಿ ಹಾಸಿಗೆ ಹಿಡಿದಿದ್ದ. ಗೆಳತಿಯೊಬ್ಬಳು ಹಾರ್ಪ್ ವಾದ್ಯದ ರೆಕಾರ್ಡು ತಂದುಕೊಟ್ಟಳು. ಹಚ್ಚಿದರೆ ದನಿ ತೀರಾ ಸಣ್ಣ, ಎದ್ದು ಜೋರು ಮಾಡಲು ಮೈಯಲ್ಲಿ ಶಕ್ತಿ ಇಲ್ಲ. ಹೊರಗೆ ಮಳೆ. ಮಳೆಯ ಸದ್ದೂ ಹಾರ್ಪೂ ಕಲಸಿಕೊಂಡು ಕೇಳಿದಾಗ, ಸಂಗೀತ ಹೀಗೆ ಕೋಣೆಯ ಗಾಳಿಯ ಹಾಗೆಯೂ ಇರಬಹುದಲ್ಲ ಅನ್ನಿಸಿತಂತೆ. 1978ರಲ್ಲಿ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಮಾಡಿದ, ಅದರ ಮೇಲೆ 'ಆಂಬಿಯಂಟ್' ಅಂತ ಬರೆದ. ಅದೇ ಜಾಡಿನಲ್ಲಿ, ಆದರೆ ಬೆಳಕಿನ ಬದಲು ಕತ್ತಲು ತುಂಬಿದವರದ್ದು ಡಾರ್ಕ್ ಆಂಬಿಯಂಟ್. ಸ್ವೀಡನ್ನಿನಲ್ಲಿ ರೋಜರ್ ಕರ್ಮಾನಿಕ್ ಎಂಬಾತ 1987ರಲ್ಲಿ ಕೋಲ್ಡ್ ಮೀಟ್ ಇಂಡಸ್ಟ್ರಿ ಎಂಬ ಲೇಬಲ್ ಶುರು ಮಾಡಿದ (ಹೆಸರು ನೋಡಿ!). ಅದು 2014ರವರೆಗೆ ನಡೆಯಿತು. 'ಡಾರ್ಕ್ ಆಂಬಿಯಂಟ್' ಎಂಬ ಮಾತನ್ನು ಹುಟ್ಟಿಸಿದವನೂ ಅವನೇ ಎನ್ನುತ್ತಾರೆ. ಲಸ್ಟ್‌ಮಾರ್ಡ್ ಎಂಬ ಹೆಸರಿನ ಹಿಂದಿರುವ ಬ್ರಯಾನ್ ವಿಲಿಯಮ್ಸ್ ಗವಿ, ಗಣಿ, ಇಗರ್ಜಿಯ ನೆಲಮಾಳಿಗೆಗಳಿಗೆ ಇಳಿದು ಅಲ್ಲಿಯ ಮೌನವನ್ನೂ ಮಾರ್ದನಿಯನ್ನೂ ಧ್ವನಿಮುದ್ರಿಸಿಕೊಂಡು ಬಂದ. 1990ರ 'ಹೆರೆಸಿ' ಹುಟ್ಟಿದ್ದು ಅದರಿಂದ. (ಬಾದಾಮಿಯ ಮೂರನೇ ಗವಿಯಲ್ಲಿ ನಿಂತು ಒಮ್ಮೆ "ಓ" ಅಂದು ನೋಡಿ, ಅವನಿಗೆ ಏನು ಬೇಕಿತ್ತು ಅನ್ನೋದು ತಿಳಿಯುತ್ತೆ. ಕಾವಲುಗಾರ ಬೈದರೆ ನನ್ನ ಹೆಸರು ಹೇಳಬೇಡಿ.)

ಈ ಸಂಗೀತದ ಬೇರು ಒಂದಲ್ಲ. ಕಾರ್ಖಾನೆಯ ಗದ್ದಲವನ್ನೇ ಹಾಡು ಮಾಡಿದ ಎಪ್ಪತ್ತರ ದಶಕದ ಗುಂಪುಗಳದ್ದು ಒಂದು. ನಿಲ್ಲದೇ ಎಳೆಯುವ ಒಂದೇ ಸ್ವರದ್ದು ಇನ್ನೊಂದು, ಕಾಕಾನ ಕಿವಿಗೆ ಸಿಕ್ಕಿದ್ದು ಇದೇ. ಇದನ್ನು ಹಿಡಿದು ಹಿಂದೆ ಹೋದರೆ ನ್ಯೂಯಾರ್ಕಿನ ಲಾ ಮಾಂಟೆ ಯಂಗ್ ಸಿಗುತ್ತಾನೆ. 1955ರಲ್ಲಿ ಅಮೆರಿಕದಲ್ಲಿ ಏಂಜೆಲ್ ಲೇಬಲ್ಲಿನಿಂದ ಅಲಿ ಅಕ್ಬರ್ ಖಾನರ ಸರೋದಿನ ಎಲ್.ಪಿ. ಬಂತು. ಯಂಗ್ ಅದನ್ನು ಕೇಳಿದ. ಎಲ್ಲರೂ ಸರೋದಿಗೆ ಮರುಳಾದರೆ ಅವನ ಕಿವಿ ಹಿಂದಿನ ತಂಬೂರಿಗೆ ಅಂಟಿತು. ಆ ತಂಬೂರಿ ಮೀಟಿದವರು ಶಿರೀಷ್ ಗೋರ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

1969ರಲ್ಲಿ ಯಂಗ್ ಮತ್ತು ಹೆಂಡತಿ ಮರಿಯನ್ ಝಝೀಲಾ ಒಂದು ರೆಕಾರ್ಡು ತಂದರು. ಕವರನ್ನು ಮರಿಯನ್ ಮಾಡಿದ್ದು. ಕಪ್ಪು ಹಾಳೆಯ ಮೇಲೆ ಕಪ್ಪು ಶಾಯಿ! ಓರೆ ಮಾಡಿ ಬೆಳಕಿಗೆ ಹಿಡಿದರೆ ಮಾತ್ರ ಅಕ್ಷರ ಹೊಳೆಯುತ್ತೆ. ಜನ ಅದನ್ನು 'ಕಪ್ಪು ರೆಕಾರ್ಡು' ಅಂತಲೇ ಕರೆದರು. ಇವತ್ತು ಡಾರ್ಕ್ ಆಂಬಿಯಂಟ್ ಆಲ್ಬಮ್ಮುಗಳ ಮೇಲೆ ನೋಡುವ ಮಂಜು, ಪಾಳುಬಿದ್ದ ಗೋಡೆ, ಸತ್ತ ಗ್ರಹ ಇವುಗಳಿಗೆಲ್ಲ ನನ್ನ ಕಣ್ಣಿಗೆ ಅದೇ ಮುತ್ತಜ್ಜಿ.

1970ರಲ್ಲಿ ಪಂಡಿತ್ ಪ್ರಾಣನಾಥ್ ನ್ಯೂಯಾರ್ಕಿಗೆ ಹೋದರು. ಗಂಡ ಹೆಂಡತಿ ಇಬ್ಬರೂ ಅವರ ಶಿಷ್ಯರಾಗಿ, ಗುರು ಹಾಡುವಾಗ ಹಿಂದೆ ಕೂತು ತಂಬೂರಿ ಮೀಟಿದರು. ಪ್ರಾಣನಾಥ್ ಕಲಿತದ್ದು ಕಿರಾಣಾ ಘರಾಣೆಯ ಅಬ್ದುಲ್ ವಾಹಿದ್ ಖಾನರ ಹತ್ತಿರ. ಅದೇ ಘರಾಣೆಯ ಅಬ್ದುಲ್ ಕರೀಮ್ ಖಾನರು ಮಿರಜದಲ್ಲಿ ನೆಲೆಸಿ, ಅವರಿಂದ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ... ಹುಬ್ಬಳ್ಳಿ-ಧಾರವಾಡದ ಕಿರಾಣಾ ಮನೆತನ ಬೆಳೆದದ್ದು ಹೀಗೆ. ಒಂದೇ ಮನೆಯ ಎರಡು ಕವಲು. ಒಂದು ಕುಂದಗೋಳದ ವಾಡೆಗೆ ಬಂತು, ಇನ್ನೊಂದು ನ್ಯೂಯಾರ್ಕಿನ ಕತ್ತಲ ಕೋಣೆಗೆ ಹೋಯಿತು. "ಹಾಡಾವ್ರು ಯಾವಾಗ ಬರ್ತಾರ?" ಅನ್ನೋ ಪ್ರಶ್ನೆಗೆ ಆ ಎರಡನೇ ಕವಲಿನ ಮೊಮ್ಮಕ್ಕಳ ಉತ್ತರ, "ಬರೋದಿಲ್ಲ, ತಂಬೂರಿಯೇ ಸಾಕು."

ತಂಬೂರಿಯೂ ನಮ್ಮ ಮಗ್ಗುಲದ್ದೇ. ಮಿರಜದ ಶಿಕಲಗಾರರು ಮೊದಲು ಕತ್ತಿ ಮಸೆಯುತ್ತಿದ್ದವರು. ಕತ್ತಿಗೆ ಗಿರಾಕಿ ಇಲ್ಲದಾದಾಗ, ಹತ್ತೊಂಬತ್ತನೇ ಶತಮಾನದಲ್ಲಿ, ಸೋರೆ ಬುರುಡೆ ಕೈಗೆತ್ತಿಕೊಂಡರು. 2024ರಲ್ಲಿ ಮಿರಜದ ಸಿತಾರು, ತಂಬೂರಿಗಳಿಗೆ ಜಿ.ಐ. ಟ್ಯಾಗ್ ಸಿಕ್ಕಿತು. ಗುಂಯ್ ಅನ್ನೋ ಸದ್ದಿನ ಗುಟ್ಟು ಇರೋದು ಕುದುರೆಯಲ್ಲಿ. ತಂತಿಯ ಕೆಳಗಿನ ಅದರ ಮೈ ಚಪ್ಪಟೆ ಅಲ್ಲ, ತುಸು ಇಳಿಜಾರು. ಕೆಳಗೊಂದು ಹತ್ತಿಯ ಎಳೆ ಸರಿಸುತ್ತಾರೆ. ತಂತಿ ಆ ಮೈಯನ್ನು ಸವರಿ ಸವರಿ ಮಿಡಿದಾಗ ಒಂದು ಸ್ವರದೊಳಗಿಂದ ಹತ್ತಾರು ಮೇಲಿನ ಸ್ವರಗಳು ಏಳುತ್ತವೆ. ಇದಕ್ಕೆ ಜವಾರಿ ಅಂತಾರೆ. ನಮ್ಮ ಕಡೆ ಜವಾರಿ ಅಂದರೆ ಜವಾರಿ ಕೋಳಿ, ಜವಾರಿ ಜೋಳ. ಈ ಮಾತು ಬೇರೆ, ಆ ಮಾತು ಬೇರೆ ಅಂತ ಎಷ್ಟು ಹೇಳಿದರೂ ಕಾಕಾ ಒಪ್ಪಲಿಲ್ಲ. "ಜವಾರಿ ಇಲ್ಲದ ತಂಬೂರಿ ಅಂದ್ರ ಫಾರ್ಮ್ ಕೋಳಿ ಇದ್ದಂಗ" ಅಂದರು. ನಾನು ವಾದ ಬಿಟ್ಟೆ. 1979ರಲ್ಲಿ ಬೆಂಗಳೂರಿನ ರಾಡೆಲ್‌ನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರಲ್ಲ, ಅಲ್ಲಿಂದ ಮೀಟುವ ಕೈಯೂ ಬೇಡವಾಯಿತು. ಈಗಂತೂ ಮೊಬೈಲಿನಲ್ಲೇ ಸಿಗುತ್ತೆ.

ಇಷ್ಟೆಲ್ಲ ಹೇಳಿದ್ದು ನಮ್ಮ ಮನೆಯ ಟ್ರಂಕಿನ ಕತೆಗೆ ಬರೋದಕ್ಕೆ.

ಅಜ್ಜ ಒಂದು ಚಾವಿ ಕೊಡೋ ಗ್ರಾಮಫೋನು ಇಟ್ಟಿದ್ದರು. ಬನಶಂಕರಿ ಜಾತ್ರೆಯ ನಾಟಕದ ಹುಚ್ಚು ಇದ್ದ ಮನುಷ್ಯ, ಕೇಳಿದ ಪದವನ್ನು ಮನೆಯಲ್ಲೂ ಕೇಳಬೇಕು. ಟ್ರಂಕಿನ ತುಂಬ 78ರ ಪ್ಲೇಟುಗಳು, ಒಂದು ಮಗ್ಗುಲಿಗೆ ಮೂರೂವರೆ ನಿಮಿಷ. ಇವು ಪ್ಲಾಸ್ಟಿಕ್ ಅಲ್ಲ, ಅರಗು. ಮರದ ಮೇಲಿನ ಹುಳ ಕಟ್ಟುವ ಅರಗಿಗೆ ಕಲ್ಲಿನ ಪುಡಿ, ಮಸಿ ಕಲಸಿ ಒತ್ತಿದ್ದು. ಪ್ರಪಂಚದ ಪ್ಲೇಟುಗಳಿಗೆಲ್ಲ ಅರಗು ಹೋಗುತ್ತಿದ್ದದ್ದು ಹೆಚ್ಚಾಗಿ ನಮ್ಮ ದೇಶದಿಂದಲೇ. ಪಾಂಡವರ ಅರಗಿನ ಮನೆಯ ಹಾಗೆ ಇವಕ್ಕೂ ಬೆಂಕಿ ಅಂದರೆ ಆಗದು, ಬಿಸಿಲಿಗೂ ಬಾಗಿಬಿಡುತ್ತವೆ. ನೆಲಕ್ಕೆ ಬಿದ್ದರೆ ಹಂಚಿನ ಹಾಗೆ ಒಡೀತಾವೆ.

ಕವರು ಅಂದರೆ ಕಂದು ಬಣ್ಣದ ಒರಟು ಕಾಗದ, ನಡುವೆ ಒಂದು ದುಂಡು ತೂತು. ಆಗ ಚಿತ್ರದ ಕವರು ಇರಲಿಲ್ಲ, ತೂತಿನಿಂದ ಕಾಣುವ ಲೇಬಲ್ಲೇ ಮುಖ. ಕವರಿನ ಮೇಲೆ ಮಾರಿದ ಅಂಗಡಿಯ ಮುದ್ರೆ, ಸೂಜಿಯ ಜಾಹೀರಾತು, ಒಂದು ಸಲಕ್ಕೆ ಒಂದೇ ಸೂಜಿ ಬಳಸಿ ಎಂಬ ಬುದ್ಧಿಮಾತು. (ಅಜ್ಜ ಒಂದು ಸೂಜಿಯಲ್ಲಿ ಹತ್ತು ಪ್ಲೇಟು ಕೇಳುತ್ತಿದ್ದರು ಅಂತ ಪ್ಲೇಟುಗಳೇ ಸಾಕ್ಷಿ ಹೇಳುತ್ತವೆ.) ಲೇಬಲ್ಲಿನ ಮೇಲೆ ಕೊಳವೆಯ ಮುಂದೆ ಕೂತ ನಾಯಿ. ಫ್ರಾನ್ಸಿಸ್ ಬರೋ ಎಂಬ ಚಿತ್ರಕಾರನ ನಿಪ್ಪರ್ ಅದು. ನಮ್ಮ ಮನೆಯಲ್ಲಿ 'ನಾಯಿ ಪ್ಲೇಟು' ಅಂತಲೇ ಹೆಸರು.

ಆ ಲೇಬಲ್ಲುಗಳನ್ನು ಓದೋದೇ ಒಂದು ಭೂಗೋಳದ ಪಾಠ. ಹಾನಗಲ್ಲ, ಮನಸೂರ, ಕುಂದಗೋಳಕರ... ಊರೇ ಅಡ್ಡಹೆಸರು. ನಮ್ಮ ಜಿಲ್ಲೆಯ ಬೀಳಗಿಯಿಂದ ಹೋದ ಅಮೀರಬಾಯಿ, ಗೋಹರಬಾಯಿ ಅಕ್ಕತಂಗಿಯರು ತಮ್ಮ ಹೆಸರಿಗೆ 'ಕರ್ನಾಟಕಿ' ಅಂತ ಸೇರಿಸಿಕೊಂಡರು. ಗೋಹರಬಾಯಿ ಬಾಲಗಂಧರ್ವರ ನಾಟಕ ಕಂಪನಿ ಸೇರಿದರು. ಅಮೀರಬಾಯಿ 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. ಬೀಳಗಿ ಆಗ ಮುಂಬಯಿ ಪ್ರಾಂತದಲ್ಲಿತ್ತು. ಏಕೀಕರಣ 1956ಕ್ಕೆ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ಕ್ಕೆ. ಅಷ್ಟು ಹಿಂದೆಯೇ ನಾಯಿಯ ಕೆಳಗೆ ದುಂಡಗೆ 'ಕರ್ನಾಟಕಿ' ಅಂತ ಅಚ್ಚಾಗಿ ಪ್ಲೇಟು ತಿರುಗುತ್ತಿತ್ತು. ಚಳವಳಿಯ ಇತಿಹಾಸ ಬರೆದವರು ಈ ಇಬ್ಬರು ಹೆಣ್ಣುಮಕ್ಕಳನ್ನು ಎಣಿಸಿದ್ದು ನಾನು ಕಂಡಿಲ್ಲ. ಎಣಿಸಬೇಕಿತ್ತು ಅಂತ ನನ್ನ ಅಭಿಪ್ರಾಯ.

ಹೆಸರು ಮರೆಸಿದ ಲೇಬಲ್ಲೂ ಉಂಟು. ಗಂಗೂಬಾಯಿ ಹಾನಗಲ್ಲರ ಮೊದಲ ಪ್ಲೇಟುಗಳು 1930ರ ದಶಕದಲ್ಲಿ ಬಂದದ್ದು 'ಗಾಂಧಾರಿ' ಎಂಬ ಹೆಸರಿನಲ್ಲಿ. ಡಾರ್ಕ್ ಆಂಬಿಯಂಟ್ ಮಂದಿಯೂ ಹೀಗೇ ಮುಸುಕು ಹಾಕಿಕೊಳ್ಳುತ್ತಾರೆ. ಏಟ್ರಿಯಂ ಕಾರ್ಸೆರಿ ಅಂದರೆ ಸೈಮನ್ ಹೀತ್ ಎಂಬ ಒಬ್ಬನೇ ಮನುಷ್ಯ, 2012ರಲ್ಲಿ ಕ್ರಯೋ ಚೇಂಬರ್ ಲೇಬಲ್ ಶುರು ಮಾಡಿದವನೂ ಅವನೇ. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಮುಸುಕು ಕಲಾವಿದ ತಾನೇ ಆರಿಸಿಕೊಂಡ ಆಟ. ನಮ್ಮ ಕಡೆ ಹೆಣ್ಣುಮಕ್ಕಳು ಹಾಡಿ ಹೊಟ್ಟೆ ಹೊರೆದ ಕಾಲದಲ್ಲಿ ಹೆಸರಿನ ವಿಷಯ ಅಷ್ಟು ಹಗುರ ಇರಲಿಲ್ಲ.

ಈಗ ನನ್ನ ತಪ್ಪು. ನಾನು ಆರನೇ ಇಯತ್ತೆಯಲ್ಲಿದ್ದಾಗ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಟ್ರಂಕು ಹೊರಗೆ ಬಂತು. ಪ್ಲೇಟುಗಳ ಮೇಲೆ ಧೂಳು. ದೊಡ್ಡವರ ಕಡೆಯಿಂದ ಶಾಭಾಶ್ ಅನ್ನಿಸಿಕೊಳ್ಳಬೇಕು ಅಂತ ಬಕೀಟಿನಲ್ಲಿ ಸಾಬೂನು ನೀರು ಮಾಡಿ ಏಳು ಪ್ಲೇಟು ನೆನೆ ಹಾಕಿದೆ. ಒಂದು ತಾಸು ಬಿಟ್ಟು ನೋಡಿದರೆ ಏಳೂ ಲೇಬಲ್ಲು ನೀರಿನ ಮೇಲೆ ತೇಲುತ್ತಿದ್ದವು. ಎತ್ತಿದರೆ ಬೆರಳಿಗೇ ಹರಿದು ಬಂದವು. ಅಜ್ಜ ಬೈಯಲಿಲ್ಲ. ಒಂದೊಂದನ್ನೇ ತಗೊಂಡು ಒಣಗಿದ ಪಂಜೆಯಿಂದ ಒರೆಸಿ ಒಳಗಿಟ್ಟರು. ಅವರಿಗೆ ಲೇಬಲ್ಲು ಬೇಕಿರಲಿಲ್ಲ, ಎಲ್ಲ ಬಾಯಿಪಾಠ. ಅಜ್ಜ ಹೋದ ಮೇಲೆ ಆ ಏಳು ಪ್ಲೇಟು ಯಾರದ್ದು ಅಂತ ಹೇಳುವವರು ಯಾರೂ ಉಳಿಯಲಿಲ್ಲ.

ಆರನ್ನು ಹೇಗೋ ಪತ್ತೆ ಹಚ್ಚಿದ್ದೇನೆ. ಅರಗಿನಲ್ಲೇ, ಲೇಬಲ್ಲಿನ ಅಡಿಗೆ, ಒಂದು ಸಂಖ್ಯೆ ಒತ್ತಿರುತ್ತಾರೆ. ಟಾರ್ಚು ಓರೆ ಹಿಡಿದರೆ ಕಾಣುತ್ತೆ, ಥೇಟ್ ಮರಿಯನ್‌ಳ ಕಪ್ಪು ಕವರಿನ ಹಾಗೆ. ಆ ಸಂಖ್ಯೆ ಹಿಡಿದು ಹಳೆಯ ಕ್ಯಾಟಲಾಗುಗಳಲ್ಲಿ ಹುಡುಕಬೇಕು. ಮುಂಬಯಿಯಲ್ಲಿ 1990ರಲ್ಲಿ ಸುರೇಶ್ ಚಾಂದವಣಕರ್ ಮೊದಲಾದವರು ಕಟ್ಟಿದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್, ಆಸ್ಟ್ರೇಲಿಯಾದ ಮೈಕೆಲ್ ಕಿನ್ನಿಯರ್ ಇಂಥವರು ಕೂತು ಪಟ್ಟಿ ಮಾಡಿರದಿದ್ದರೆ ನಮ್ಮಂಥವರಿಗೆ ಏನೂ ದಾರಿ ಇರಲಿಲ್ಲ.

ಏಳನೆಯದರ ಸಂಖ್ಯೆ ಸವೆದಿದೆ, ಕೊನೆಯ ಎರಡು ಅಂಕಿ ಓದಲಾಗದು. ಹೆಣ್ಣುದನಿ. ಎಳೆಯ ವಯಸ್ಸು ಇರಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡು ಮುಗಿಸಿ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳಿದ್ದನ್ನು ನೀವು ಕೇಳಿರಬಹುದು (ಕೊನೆಗಾಲದಲ್ಲಿ ಮೈಸೂರಿನ ಆಸ್ಥಾನದಲ್ಲಿದ್ದು 1930ರಲ್ಲಿ ಅಲ್ಲೇ ತೀರಿಕೊಂಡಳಲ್ಲ, ಆಕೆಯೇ). ಅದು ಹಮ್ಮಿಗೆ ಹೇಳಿದ್ದಲ್ಲ. ಮೇಣದ ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗಿ ಪ್ಲೇಟಾಗುತ್ತಿತ್ತು, ಅಲ್ಲಿಯವರಿಗೆ ಯಾವ ಪ್ಲೇಟಿಗೆ ಯಾವ ಲೇಬಲ್ ಅಂಟಿಸಬೇಕು ಅಂತ ತಿಳಿಯಲಿ ಅಂತ. 1908ಕ್ಕೆ ಕಲ್ಕತ್ತೆಯಲ್ಲೇ ಕಾರ್ಖಾನೆ ಆಯಿತು, ಕ್ರಮೇಣ ಹೆಸರು ಹೇಳುವ ಪದ್ಧತಿ ನಿಂತಿತು. ನಮ್ಮ ಪ್ಲೇಟಿನಾಕೆ ಹೆಸರು ಹೇಳದೇ ಹಾಡು ಮುಗಿಸುತ್ತಾಳೆ. ಪ್ರತಿ ಸಲ ಕೊನೆಯವರೆಗೂ ಕಾಯುತ್ತೇನೆ. ಆಕೆ ಉಸಿರು ಎಳೆದುಕೊಂಡ ಕಡೆ ಹಿಂದಿನ ತಂಬೂರಿ ಒಂದು ಕ್ಷಣ ಕೇಳುತ್ತೆ, ಆಮೇಲೆ ಸೂಜಿಯ ಕರಕರ. ತಂಬೂರಿ ಮೀಟಿದವರ ಹೆಸರು ಲೇಬಲ್ಲು ಇದ್ದಿದ್ದರೂ ಸಿಗುತ್ತಿರಲಿಲ್ಲ ಬಿಡಿ. ಟ್ರಂಕಿನ ಒಂದು ಪ್ಲೇಟಿನ ಮೇಲೂ ಅದಿಲ್ಲ. ಶಿರೀಷ್ ಗೋರ್ ಅವರದ್ದು ಎಂಥ ಪುಣ್ಯ ನೋಡಿ!

ಇನ್ನೊಂದು ಪ್ಲೇಟು ಇದೆ, ನಮ್ಮ ಟ್ರಂಕಿನದ್ದಲ್ಲ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಹೋದ ಚಿನ್ನದ ಲೇಪದ್ದು. ಅದರಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿ ಇದೆ, ಅದೂ ಮೂರೂವರೆ ನಿಮಿಷ. ಕೇಸರಬಾಯಿ ಅಲ್ಲಾದಿಯಾ ಖಾನರ ಶಿಷ್ಯೆ. ಖಾನರ ಮಕ್ಕಳಾದ ಮಂಜೀ ಖಾನ್, ಭುರ್ಜೀ ಖಾನರ ಹತ್ತಿರ ಕಲಿತವರು ನಮ್ಮ ಮಲ್ಲಿಕಾರ್ಜುನ ಮನಸೂರರು. 55 ಭಾಷೆಗಳ ಶುಭಾಶಯದಲ್ಲಿ ಕನ್ನಡವೂ ಇದೆ. ಕವರಿನ ಮೇಲೆ ಹಾಡಿದವರ ಹೆಸರಿಲ್ಲ. ಪ್ಲೇಟು ಹೇಗೆ ಹಚ್ಚಬೇಕು, ಸೂಜಿ ಎಲ್ಲಿಡಬೇಕು, ನಾವು ಎಲ್ಲಿಯವರು ಅನ್ನೋದರ ಗೆರೆಚಿತ್ರ ಇದೆ. ವಾಯೇಜರ್ 1 2012ರಲ್ಲಿ ಸೂರ್ಯನ ಗಾಳಿಯ ಆಚೆ ದಾಟಿತು. ಅದಕ್ಕಿಂತ ಕತ್ತಲಲ್ಲಿ ಇರುವ ರೆಕಾರ್ಡು ಯಾವ ಲೇಬಲ್ಲಿನವರೂ ತಂದಿಲ್ಲ! ಕಾಕಾನಿಗೆ ಹೇಳಿದೆ. "ಅಲ್ಲಿ ಬಿಸಿಲ ಇಲ್ಲಲ್ಲ, ಬಾಗೂದಿಲ್ಲ ಬಿಡು" ಅಂದರು.

ಏಳನೇ ಪ್ಲೇಟಿಗೆ ಈ ಸಲ ಕಂದು ಕಾಗದದಲ್ಲಿ ಹೊಸ ಕವರು ಮಾಡಿ, ನಡುವೆ ತೂತು ಕತ್ತರಿಸಿ, ಓದಲಿಕ್ಕೆ ಸಿಕ್ಕ ಅಂಕಿಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟು ಬಂದೆ. ಬಾಗಲಕೋಟೆ, ಗುಳೇದಗುಡ್ಡ, ಇಳಕಲ್ಲ, ಹುನಗುಂದ ಕಡೆಯ ಗೆಳೆಯರೇ, ನಿಮ್ಮ ಮನೆಯ ಅಟ್ಟದ ಮೇಲೆ ಇಂಥ ಪ್ಲೇಟು ಇದ್ದರೆ ಮೊದಲು ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ, ಒರೆಸೋದು ಆಮೇಲೆ. ಒಣಗಿದ ಮೆತ್ತನೆ ಬಟ್ಟೆ ಸಾಕು. ಬಕೀಟು ಬೇಡ. ಸ್ಪಿರಿಟ್ ಅಂತೂ ಬೇಡವೇ ಬೇಡ, ಅರಗು ಅದರಲ್ಲಿ ಕರಗಿಹೋಗುತ್ತೆ, ಹಾಡೂ ಅದರ ಜೊತೆಗೇ.