ಖೈರಿ: ಬಂಗಲೆಯಲ್ಲಿ ಬೆಳೆದ ಹುಲಿ

ಕಬ್ಬಿನ ಕಟಾವು ಶುರುವಾದರೆ ನನ್ನ ಫೋನಿಗೆ ಒಂದೇ ಥರದ ವಿಡಿಯೋಗಳು ಬರೋಕೆ ಶುರುವಾಗುತ್ತವೆ. ಮಂಡ್ಯ ಕಡೆಯ ಯಾವುದೋ ಗದ್ದೆ, ತರಗಿನ ಮೇಲೆ ಪಿಳಿಪಿಳಿ ಕಣ್ಣು ಬಿಡೋ ಎರಡು ಚಿರತೆ ಮರಿ, ಸುತ್ತ ಹತ್ತಾರು ಮೊಬೈಲು. "ಅಯ್ಯೋ ಪಾಪ, ಯಾರಾದ್ರೂ ಸಾಕ್ಕೊಳ್ರಪ್ಪಾ" ಅಂತ ಕೆಳಗೆ ಕಮೆಂಟು. ನಾನೂ ಒಂದ್ಸಲ ಹಾಗೇ ಬರೆದಿದ್ದೆ. ಆಮೇಲೆ ಖೈರಿಯ ಕಥೆ ಓದಿದೆ.

1973ರಲ್ಲಿ ಹುಲಿ ಯೋಜನೆ ಶುರುವಾದಾಗ ಒಟ್ಟು 9 ಮೀಸಲು ಪ್ರದೇಶಗಳಿದ್ದವು. ನಮ್ಮ ಬಂಡೀಪುರ ಅದರಲ್ಲೊಂದು, ಒಡಿಶಾದ ಸಿಮಿಲಿಪಾಲ್ ಇನ್ನೊಂದು. ಸಿಮಿಲಿಪಾಲ್‌ನ ಮೊದಲ ನಿರ್ದೇಶಕರು ಸರೋಜ್ ರಾಜ್ ಚೌಧುರಿ. ಹೆಜ್ಜೆ ಗುರುತು ನೋಡಿ ಹುಲಿ ಎಣಿಸುವ ಪದ್ಧತಿಯನ್ನು ರೂಪಿಸಿದವರು ಇವರೇ. (ಆ ಪದ್ಧತಿಯನ್ನು ಮುಂದೆ ಪ್ರಶ್ನಿಸಿ, ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ ಎಣಿಸಿದವರು ನಮ್ಮ ಉಲ್ಲಾಸ ಕಾರಂತರು. ಅದಕ್ಕೆ ಬೇರೆ ಸಂಚಿಕೆಯೇ ಬೇಕು.)

1974ರ ಅಕ್ಟೋಬರಿನಲ್ಲಿ ಖಾಡಿಯಾ ಬುಡಕಟ್ಟಿನ ಕೆಲವರು ಖೈರಿ ನದಿಯ ಹತ್ತಿರ ಸಿಕ್ಕ ಒಂದು ಹೆಣ್ಣು ಹುಲಿಮರಿಯನ್ನು ತಂದು ಚೌಧುರಿಯವರ ಕೈಗೆ ಕೊಟ್ಟರು. ನದಿಯ ಹೆಸರೇ ಮರಿಗೂ ಆಯ್ತು. ಜಶಿಪುರದ ಅವರ ಬಂಗಲೆಯಲ್ಲೇ ಖೈರಿ ಬೆಳೆಯಿತು. ಪಂಜರ ಇಲ್ಲ, ಸರಪಳಿ ಇಲ್ಲ. ಚೌಧುರಿ ಮತ್ತು ಅವರ ಬಂಧು ನಿಹಾರ್ ನಳಿನಿ, ಇಬ್ಬರೂ ಸಾಕಿದರು. ಮಾಂಸ, ಹಾಲಿನ ಪುಡಿ ತಿಂದುಕೊಂಡು ಮನೆಯವರ ಜೊತೆಯಲ್ಲೇ ಮಲಗುತ್ತಿತ್ತು. ಅದೇ ಅಂಗಳದಲ್ಲಿ ನಾಯಿ, ಕರಡಿ, ಕತ್ತೆಕಿರುಬ ಕೂಡ ಇದ್ದವು. ದೊಡ್ಡ ಹುಲಿಯೊಂದು ಮನೆಮಗಳ ಹಾಗೆ ಓಡಾಡುವುದನ್ನು ನೋಡಲು ದೂರದಿಂದೆಲ್ಲ ಜನ ಬರುತ್ತಿದ್ದರು. ಬರದೇ ಇರ್ತಾರಾ, ಹೇಳಿ!

ಆ ಕಾಲದ ಹವಾ ಕೂಡ ಹಾಗೇ ಇತ್ತು. 1956ರಲ್ಲಿ ಕೆನ್ಯಾದಲ್ಲಿ ಜಾರ್ಜ್ ಆಡಮ್ಸನ್ ಗುಂಡಿಟ್ಟ ಸಿಂಹಿಣಿಗೆ ಮೂರು ಮರಿಗಳಿದ್ದವು. ಎರಡು ರಾಟರ್‌ಡ್ಯಾಮಿನ ಮೃಗಾಲಯಕ್ಕೆ ಹೋದವು. ಉಳಿದ ಎಲ್ಸಾಳನ್ನು ಜಾರ್ಜ್ ಮತ್ತು ಜಾಯ್ ದಂಪತಿ ಸಾಕಿದರು, ಬೇಟೆ ಕಲಿಸಿ ಕಾಡಿಗೆ ಬಿಟ್ಟರು. ಅದು ಕಾಡಿನಲ್ಲೇ ಮೂರು ಮರಿ ಹಾಕಿತು. 1960ರಲ್ಲಿ ಬಂದ ಜಾಯ್ ಅವರ 'ಬಾರ್ನ್ ಫ್ರೀ' ಪುಸ್ತಕ ಜಗತ್ತನ್ನೇ ಸುತ್ತಿತು. ಪ್ರೀತಿಯಿಂದ ಸಾಕಿದ ಮರಿಯೂ ಮರಳಿ ಕಾಡಿನದ್ದಾಗಬಹುದು ಅನ್ನುವ ನಂಬಿಕೆ ಎಲ್ಲ ಕಡೆ ಹಬ್ಬಿತ್ತು.

ಖೈರಿಯ ವಿಷಯದಲ್ಲಿ ಅದು ನಡೆಯಲಿಲ್ಲ. ಪ್ರಾಯಕ್ಕೆ ಬಂದಾಗ ಕಾಡಿನ ಗಂಡು ಹುಲಿಯ ಜೊತೆ ಸೇರಿಸಲು ಚೌಧುರಿ ಪ್ರಯತ್ನಪಟ್ಟರು, ಕೂಡಿ ಬರಲಿಲ್ಲ. ನನಗನಿಸೋದು, ಅದು ಖೈರಿಯ ತಪ್ಪಲ್ಲ. ಹುಲಿ ಅಂದರೆ ಏನು ಅಂತ ಅದಕ್ಕೆ ಕಲಿಸಲು ಆ ಬಂಗಲೆಯಲ್ಲಿ ಇನ್ನೊಂದು ಹುಲಿಯೇ ಇರಲಿಲ್ಲ.

ನಾನು ಬಿಕಾಂ ಓದಿದವನು, ಜಮೆ-ಖರ್ಚು ಬರೆಯುವ ಚಟ ಹೋಗಿಲ್ಲ. ಜಮೆಯ ಕಡೆ ಬರೆಯುವಂಥದ್ದು ಒಂದಿದೆ. ಕಾಡಿನ ಹುಲಿಯ ಹತ್ತಿರ ಯಾರೂ ಹೋಗಿ ಕೂತು ನೋಡೋಕಾಗಲ್ಲ. ಖೈರಿಯ ಪಕ್ಕ ಕೂರಬಹುದಿತ್ತು. ಹುಲಿಗಳು ಬಾಲ ಎತ್ತಿ ಮರಕ್ಕೆ, ಪೊದೆಗೆ ಒಂದು ದ್ರವ ಸಿಂಪಡಿಸಿ ತಮ್ಮ ಗಡಿ ಗುರುತಿಸುತ್ತವಲ್ಲ, ಕೋಲ್ಕತ್ತದ ವಿಜ್ಞಾನಿ ರತನ್‌ಲಾಲ್ ಬ್ರಹ್ಮಚಾರಿ ಮತ್ತು ಅವರ ಸಂಗಡಿಗರು ಖೈರಿಯ ಆ ದ್ರವವನ್ನು ಅಧ್ಯಯನ ಮಾಡಿದರು. ಮುಂದುವರಿದ ಸಂಶೋಧನೆಯಲ್ಲಿ, 1990ರ ಹೊತ್ತಿಗೆ, ಹುಲಿಯ ಆ ವಾಸನೆಯಲ್ಲಿ ಬಾಸ್ಮತಿ ಅಕ್ಕಿಗೆ ಘಮ ಕೊಡುವ ಅಣುವೇ ಇದೆ ಅಂತ ತೋರಿಸಿದರು. ಇದನ್ನು ಓದಿದ ದಿನ ಮನೆಯಲ್ಲಿ ಪಲಾವ್ ಮಾಡಿದ್ದರು. ತಟ್ಟೆ ಮುಂದೆ ಸುಮ್ಮನೆ ಮೂಸುತ್ತಾ ಕೂತಿದ್ದೆ.

ಖರ್ಚಿನ ಕಡೆ? 1981ರಲ್ಲಿ ಖೈರಿಗೆ ಹುಚ್ಚುನಾಯಿ ಕಚ್ಚಿತು. ಆಮೇಲೆ ಕೊಟ್ಟ ಅರಿವಳಿಕೆ ಮದ್ದು ಹೆಚ್ಚಾಗಿ ಸತ್ತೇ ಹೋಯಿತು. ಆಗ ಅದಕ್ಕೆ ಏಳು ವರ್ಷವೂ ತುಂಬಿರಲಿಲ್ಲ. ಮರುವರ್ಷ ಚೌಧುರಿಯವರೂ ತೀರಿಕೊಂಡರು. ಕೊರಗಿನಿಂದಲೇ ಹೋದರು ಅಂತ ಹೇಳುವವರಿದ್ದಾರೆ. ಅವರ ಪ್ರೀತಿಯ ಬಗ್ಗೆ ನನಗೆ ಒಂದಿಷ್ಟೂ ಅನುಮಾನವಿಲ್ಲ. ಈ ಕಥೆಯಲ್ಲಿ ಹೊಟ್ಟೆ ಹಿಂಡುವುದೂ ಅದೇ.

ಈಗ ದಾರಿ ಬೇರೆಯಾಗಿದೆ. ಕಬ್ಬಿನ ಗದ್ದೆಯಲ್ಲಿ ಸಿಕ್ಕ ಚಿರತೆ ಮರಿಗಳು ಬಹಳ ಸಲ ತಬ್ಬಲಿಗಳೇ ಅಲ್ಲ. ತಾಯಿ ಅಲ್ಲೇ ಎಲ್ಲೋ ಹತ್ತಿರದಲ್ಲಿ ಇರುತ್ತೆ. ಅರಣ್ಯ ಇಲಾಖೆಯವರು ಮರಿಗಳನ್ನು ಬುಟ್ಟಿಯಲ್ಲೋ ಪೆಟ್ಟಿಗೆಯಲ್ಲೋ ಇಟ್ಟು, ಸಿಕ್ಕ ಜಾಗದಲ್ಲೇ ಬಿಟ್ಟು ದೂರ ಸರಿಯುತ್ತಾರೆ. ಕತ್ತಲಾದ ಮೇಲೆ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತೆ. ನಮ್ಮ ಹತ್ತು ಮೊಬೈಲು ಅಲ್ಲೇ ನಿಂತಿದ್ದರೆ ಬರಲ್ಲ, ಅಷ್ಟೇ.

ತಾಯಿ ನಿಜಕ್ಕೂ ಸತ್ತಿದ್ದರೆ? ಮಧ್ಯಪ್ರದೇಶದ ಕಾನ್ಹಾದಲ್ಲಿ ಹಾಗೆ ತಬ್ಬಲಿಯಾದ ಹೆಣ್ಣು ಮರಿಗಳನ್ನು ಕಾಡೊಳಗಿನ ದೊಡ್ಡ ಬೇಲಿಯಲ್ಲಿ, ಮನುಷ್ಯರ ಸಲಿಗೆ ಆದಷ್ಟು ಕಮ್ಮಿ ಮಾಡಿ, ತಾವೇ ಬೇಟೆಯಾಡುವ ಹಾಗೆ ಬೆಳೆಸಿದರು. 2011ರಲ್ಲಿ ಅವುಗಳಲ್ಲಿ ಎರಡನ್ನು, ಹುಲಿಗಳೇ ಖಾಲಿಯಾಗಿದ್ದ ಪನ್ನಾಕ್ಕೆ ತಂದು ಬಿಟ್ಟರು. ಎರಡೂ ಬೇಟೆಯಾಡಿದವು, ಮರಿ ಹಾಕಿದವು. ಪನ್ನಾದ ದಾಖಲೆಗಳಲ್ಲಿ ಅವು ಟಿ4, ಟಿ5.