ಮರುಕಳಿಸುವ ಕನಸು: ಜೈನ ಪರಂಪರೆಯ ಸ್ವಪ್ನಕಥನ

ಜೈನ ಪುರಾಣಗಳಲ್ಲಿ ಒಂದೇ ಕನಸು ಬೇರೆ ಬೇರೆ ಯುಗಗಳಲ್ಲಿ, ಬೇರೆ ಬೇರೆ ಅರಮನೆಗಳಲ್ಲಿ ಮಲಗಿದ ತಾಯಂದಿರಿಗೆ ಮರುಕಳಿಸುತ್ತದೆ. ತೀರ್ಥಂಕರ, ಅಂದರೆ ಸಂಸಾರವನ್ನು ದಾಟುವ ದಾರಿಯನ್ನು ತೋರುವ ಜಿನ, ಗರ್ಭದಲ್ಲಿ ನೆಲಸಿದ ರಾತ್ರಿ ಅವನ ತಾಯಿ ಕಾಣುವ ಈ ಕನಸುಗಳು ದಿಗಂಬರರ ಪ್ರಕಾರ ಹದಿನಾರು, ಶ್ವೇತಾಂಬರರ ಪ್ರಕಾರ ಹದಿನಾಲ್ಕು. ಇಪ್ಪತ್ತನಾಲ್ಕು ತೀರ್ಥಂಕರರು ಸಾರಿದ ಧರ್ಮ ಒಂದೇ ಎಂದು ನಂಬಿದ ಪರಂಪರೆಗೆ ಅವರ ಬರವನ್ನು ಸೂಚಿಸುವ ಕನಸೂ ಒಂದೇ ಆಗಿರಬೇಕಿತ್ತು. ಹಿಂದೆ ಕಂಡದ್ದೇ ಮತ್ತೆ ಕಂಡಿತೆಂಬುದು ಇಲ್ಲಿ ಕನಸಿನ ಸತ್ಯಕ್ಕೆ ದೊರೆತ ಪ್ರಮಾಣವಾಯಿತು.

ಶ್ವೇತಾಂಬರರು ಭದ್ರಬಾಹು ರಚಿಸಿದನೆಂದು ಹೇಳುವ ಪ್ರಾಕೃತ ಗ್ರಂಥ ‘ಕಲ್ಪಸೂತ್ರ’ದಲ್ಲಿ ಈ ಮರುಕಳಿಕೆ ಒಂದೇ ಜನನದ ಕಥೆಯೊಳಗೇ ನಡೆಯುತ್ತದೆ. ಮಹಾವೀರನ ಜೀವ ಮೊದಲು ದೇವಾನಂದೆಯೆಂಬ ಬ್ರಾಹ್ಮಣ ಸ್ತ್ರೀಯ ಗರ್ಭವನ್ನು ಸೇರಿದಾಗ ಆಕೆ ಆನೆ, ಎತ್ತು, ಸಿಂಹ, ಅಭಿಷೇಕಗೊಳ್ಳುತ್ತಿರುವ ಶ್ರೀದೇವಿ, ಹೂಮಾಲೆ, ಚಂದ್ರ, ಸೂರ್ಯ, ಧ್ವಜ, ಪೂರ್ಣಕುಂಭ, ತಾವರೆಗೊಳ, ಕ್ಷೀರಸಾಗರ, ದೇವವಿಮಾನ, ರತ್ನರಾಶಿ ಮತ್ತು ಹೊಗೆಯಿಲ್ಲದ ಬೆಂಕಿಯನ್ನು ಕಾಣುತ್ತಾಳೆ. ಇಂದ್ರನ ಆಜ್ಞೆಯಂತೆ ಹರಿಣೇಗಮೇಷಿಯೆಂಬ ದೇವನು ಆ ಭ್ರೂಣವನ್ನು ಕ್ಷತ್ರಿಯರಾಣಿ ತ್ರಿಶಲೆಯ ಗರ್ಭಕ್ಕೆ ಸಾಗಿಸಿದ ರಾತ್ರಿ ಅವೇ ಹದಿನಾಲ್ಕು ಕನಸುಗಳು ತ್ರಿಶಲೆಗೆ ಬೀಳುತ್ತವೆ. ಅದೇ ಹೊತ್ತಿಗೆ ತನ್ನ ಕನಸುಗಳನ್ನು ತ್ರಿಶಲೆ ಕೊಂಡೊಯ್ಯುತ್ತಿರುವುದನ್ನು ದೇವಾನಂದೆ ನಿದ್ದೆಯಲ್ಲಿಯೇ ಕಾಣುತ್ತಾಳೆ. ದಿಗಂಬರರು ಈ ಗರ್ಭಾಂತರದ ಕಥೆಯನ್ನು ಒಪ್ಪುವುದಿಲ್ಲವಾದರೂ ಕನಸು ಕಳೆದುಕೊಂಡ ತಾಯಿಯನ್ನು ಮರೆಯದ ಈ ನಿರೂಪಣೆ ಭಾರತೀಯ ಸ್ವಪ್ನಸಾಹಿತ್ಯದ ಅತ್ಯಂತ ಮನಮಿಡಿಯುವ ಭಾಗಗಳಲ್ಲಿ ಒಂದೆನ್ನಬೇಕು.

ಎಚ್ಚತ್ತ ತ್ರಿಶಲೆ, ಕಂಡ ಒಳ್ಳೆಯ ಕನಸುಗಳ ಫಲವನ್ನು ಕೆಟ್ಟ ಕನಸುಗಳು ಕೆಡಿಸದಿರಲೆಂದು ಮತ್ತೆ ನಿದ್ರಿಸದೆ ಧರ್ಮಕಥೆಗಳಲ್ಲಿ ರಾತ್ರಿಯನ್ನು ಕಳೆಯುತ್ತಾಳೆ. ಇದು ಆ ಕಾಲದ ಶಾಸ್ತ್ರಕ್ಕೆ ಅನುಗುಣವಾದ ನಡೆಯೇ ಆಗಿತ್ತು. ಆಯುರ್ವೇದದ ‘ಚರಕಸಂಹಿತೆ’ಯೂ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿ, ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು ಮತ್ತು ಕಲ್ಪಿಸಿದ್ದರಿಂದ ಹುಟ್ಟುವ ಐದು ಬಗೆಗಳನ್ನು ನಿಷ್ಫಲವೆಂದು ತಳ್ಳಿಹಾಕಿ, ಕಂಡ ಬಳಿಕ ಮತ್ತೆ ನಿದ್ದೆ ಬಾರದ ಕನಸು ಮಾತ್ರ ಬೇಗನೆ ಮಹಾಫಲವನ್ನು ಕೊಡುವುದೆಂದು ಹೇಳುತ್ತದೆ. ಬೆಳಗಾದಾಗ ರಾಜ ಸಿದ್ಧಾರ್ಥನು ಆಸ್ಥಾನದಲ್ಲಿ ಬಟ್ಟೆ ಹೊದಿಸಿದ ಎಂಟು ಪೀಠಗಳನ್ನು ಇರಿಸಿ, ರಾಣಿಯನ್ನು ತೆರೆಯ ಹಿಂದೆ ಕುಳ್ಳಿರಿಸಿ, ಸ್ವಪ್ನಪಾಠಕರನ್ನು ಕರೆಸುತ್ತಾನೆ. ಕನಸಿನ ಫಲ ಹೇಳುವುದನ್ನೇ ವೃತ್ತಿಯಾಗಿ ಹೊಂದಿದ್ದ ಈ ವಿದ್ವಾಂಸರು, ಶಾಸ್ತ್ರ ಹೇಳುವ ಎಪ್ಪತ್ತೆರಡು ಕನಸುಗಳಲ್ಲಿ ಮೂವತ್ತು ಮಹಾಸ್ವಪ್ನಗಳೆಂದೂ, ಅವುಗಳಲ್ಲಿ ಹದಿನಾಲ್ಕನ್ನು ಕಂಡವಳು ಚಕ್ರವರ್ತಿಯನ್ನಾಗಲಿ ತೀರ್ಥಂಕರನನ್ನಾಗಲಿ ಹೆರುವಳೆಂದೂ ತಮ್ಮೊಳಗೆ ಚರ್ಚಿಸಿ ತಿಳಿಸಿ ಸನ್ಮಾನ ಪಡೆಯುತ್ತಾರೆ. ಮೊದಲ ತೀರ್ಥಂಕರ ವೃಷಭನ ಕಾಲದಲ್ಲಾದರೋ ಸ್ವಪ್ನಪಾಠಕರೇ ಇರಲಿಲ್ಲ, ತಂದೆ ನಾಭಿರಾಜನೇ ಫಲವನ್ನು ಹೇಳಿದನೆಂದು ಅದೇ ಗ್ರಂಥ ತಿಳಿಸುವುದರಿಂದ, ಈ ವೃತ್ತಿಗೂ ಒಂದು ಆರಂಭವಿತ್ತೆಂಬ ಅರಿವು ಅದರ ಕರ್ತೃಗಳಿಗೆ ಇದ್ದುದು ಸ್ಪಷ್ಟವಾಗುತ್ತದೆ.

ದಿಗಂಬರರ ಪಟ್ಟಿಯಲ್ಲಿ ಧ್ವಜವಿಲ್ಲ. ಅದಕ್ಕೆ ಬದಲಾಗಿ ಜೋಡಿಮೀನು, ಸಿಂಹಾಸನ ಮತ್ತು ನಾಗಭವನ ಸೇರಿ ಸಂಖ್ಯೆ ಹದಿನಾರಾಗುತ್ತದೆ. ರಾಷ್ಟ್ರಕೂಟರ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಆದಿಪುರಾಣ’ದಲ್ಲಿ ವೃಷಭನ ತಾಯಿ ಮರುದೇವಿ ಕಂಡ ಈ ಹದಿನಾರು ಕನಸುಗಳನ್ನು ಪಂಪನು 941ರಲ್ಲಿ ತನ್ನ ‘ಆದಿಪುರಾಣ’ದ ಮೂಲಕ ಕನ್ನಡಕ್ಕೆ ತಂದನು. ಮುಂದೆ ಜಿನಚರಿತೆಯನ್ನು ಬರೆದ ಕನ್ನಡ ಚಂಪೂಕವಿಗಳಿಗೆ ತಾಯಿಯ ಕನಸು ತಪ್ಪಿಸಲಾಗದ ಕಥಾಭಾಗವಾಯಿತು. ವಸ್ತು ಮೊದಲೇ ನಿಶ್ಚಿತವಾಗಿದ್ದುದರಿಂದ ಕವಿಯ ಶಕ್ತಿಯೆಲ್ಲ ವರ್ಣನೆಯ ಹೊಸತನದಲ್ಲಿಯೇ ತೋರಬೇಕಾಯಿತು.

ತಾಯಂದಿರ ಶುಭಸ್ವಪ್ನಗಳಿಗೆ ಎದುರಾಗಿ ಅರಸರ ಅಶುಭಸ್ವಪ್ನಗಳ ಇನ್ನೊಂದು ಪರಂಪರೆಯೂ ಬೆಳೆಯಿತು, ಅಲ್ಲಿಯೂ ಸಂಖ್ಯೆ ಹದಿನಾರೇ. ಜಿನಸೇನರ ಕಾವ್ಯದಲ್ಲಿ ಭರತ ಚಕ್ರವರ್ತಿ, ಪಾಳಿ ಭಾಷೆಯ ‘ಮಹಾಸುಪಿನ ಜಾತಕ’ದಲ್ಲಿ ಕೋಸಲದ ಅರಸ, 19ನೆಯ ಶತಮಾನದಲ್ಲಿ ದೇವಚಂದ್ರನು ಬರೆದ ‘ರಾಜಾವಳೀಕಥೆ’ಯಲ್ಲಿ ಚಂದ್ರಗುಪ್ತ, ಈ ಮೂವರೂ ಹದಿನಾರು ಕನಸುಗಳನ್ನು ಕಂಡು ಬೆಚ್ಚುತ್ತಾರೆ. ಭರತನು ನೈವೇದ್ಯವನ್ನು ತಿನ್ನುವ ನಾಯಿಯನ್ನು ಕಂಡರೆ, ಕೋಸಲದ ಅರಸನು ಚಿನ್ನದ ಪಾತ್ರೆಯನ್ನು ಹೊಲಸುಮಾಡುವ ನರಿಯನ್ನೂ, ಚಂದ್ರಗುಪ್ತನು ಚಿನ್ನದ ಬಟ್ಟಲಲ್ಲಿ ಪಾಯಸ ತಿನ್ನುವ ನಾಯಿಯನ್ನೂ ಕಾಣುತ್ತಾನೆ. ನಡುವೆ ಒಣಗಿ ಅಂಚಿನಲ್ಲಿ ಮಾತ್ರ ನೀರು ಉಳಿದ ಕೆರೆಯನ್ನು ಭರತನು ಕಂಡಾಗ, ಧರ್ಮವು ಆರ್ಯರ ನೆಲೆಯನ್ನು ಬಿಟ್ಟು ಗಡಿನಾಡಿನವರಲ್ಲಿ ಉಳಿಯುವುದೆಂದು ವೃಷಭಜಿನನು ಅದರ ಫಲವನ್ನು ಹೇಳುತ್ತಾನೆ. ಉತ್ತರದಿಂದ ದಕ್ಷಿಣಕ್ಕೆ ಬಂದು ಕನ್ನಡನಾಡಿನಲ್ಲಿ ನೆಲೆ ಕಂಡ ಮುನಿಸಂಘದ ನೆನಪನ್ನು ಹೊತ್ತ ಸಮುದಾಯಕ್ಕೆ ಈ ಮಾತು ದೂರದ ಭವಿಷ್ಯವಾಗಿ ಕೇಳಿಸಿರಲಾರದು.

ಆ ವಲಸೆಯನ್ನು ಹೇಳುವ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನ ಸುಮಾರು ಕ್ರಿ.ಶ. 600ರದು. ಅಷ್ಟಾಂಗ ಮಹಾನಿಮಿತ್ತವನ್ನು, ಅಂದರೆ ಆಕಾಶ, ಭೂಮಿ, ದೇಹ, ಸ್ವರ, ಸ್ವಪ್ನ ಮೊದಲಾದ ಎಂಟು ಬಗೆಯ ಸೂಚನೆಗಳ ವಿದ್ಯೆಯನ್ನು, ಬಲ್ಲ ಭದ್ರಬಾಹು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡನೆಂದು ಅದು ಹೇಳುತ್ತದೆಯೇ ಹೊರತು ಅರಸನ ಕನಸನ್ನು ಉಲ್ಲೇಖಿಸುವುದಿಲ್ಲ. ‘ರಾಜಾವಳೀಕಥೆ’ಯ ವೇಳೆಗೆ ಅದೇ ಹನ್ನೆರಡು ವರ್ಷಗಳು ಚಂದ್ರಗುಪ್ತನ ಕನಸಿನಲ್ಲಿ ಹನ್ನೆರಡು ಹೆಡೆಗಳ ಸರ್ಪವಾಗಿ ಹರಿದು ಬರುತ್ತವೆ. ಶಾಸನದಲ್ಲಿ ಮುನಿಯ ಅರಿವಾಗಿದ್ದುದು ಕಥೆಯಲ್ಲಿ ಅರಸನ ಭಯವಾಗಿ, ಆ ಭಯವೇ ಅವನ ವೈರಾಗ್ಯಕ್ಕೆ ಕಾರಣವಾಗಿ ಬೆಳೆದ ಕ್ರಮವನ್ನು ಇಲ್ಲಿ ಕಾಣಬಹುದು.

ತಾಯಿಯ ಕನಸು ಇಂದಿಗೂ ಆಚರಣೆಯಲ್ಲಿ ಉಳಿದಿದೆ. ಹೊಸ ಜಿನಬಿಂಬವನ್ನು ಪ್ರತಿಷ್ಠಾಪಿಸುವ ಪಂಚಕಲ್ಯಾಣ ಉತ್ಸವದ ಗರ್ಭಕಲ್ಯಾಣದಂದು ದಿಗಂಬರರು ಹದಿನಾರು ಕನಸುಗಳನ್ನು ಪ್ರದರ್ಶಿಸುತ್ತಾರೆ. ಪರ್ಯುಷಣದ ದಿನಗಳಲ್ಲಿ ಶ್ವೇತಾಂಬರ ಮೂರ್ತಿಪೂಜಕರು ಹದಿನಾಲ್ಕು ಕನಸುಗಳ ಬೆಳ್ಳಿಯ ಪ್ರತಿಕೃತಿಗಳನ್ನು ಒಂದೊಂದಾಗಿ ಮೇಲಿನಿಂದ ಇಳಿಸಿ, ಅವುಗಳಿಗೆ ಮಾಲೆ ಹಾಕುವ ಗೌರವವನ್ನು ಹರಾಜು ಕೂಗಿ ಪಡೆಯುತ್ತಾರೆ. ನಿದ್ದೆಯಲ್ಲಿ ಒಬ್ಬರಿಗಷ್ಟೇ ಕಾಣುವ ಕನಸನ್ನು ಹೀಗೆ ಇಡೀ ಸಮಾಜವು ಎಚ್ಚರದಲ್ಲಿ ಕೂಡಿ ನೋಡುವಂತೆ ಮಾಡಿದುದು, ಮತ್ತು ಆ ಮೂಲಕ ತನ್ನ ಭರವಸೆಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದುದು, ಜೈನ ಪರಂಪರೆಯ ದೊಡ್ಡ ಸಾಧನೆಯಾಗಿದೆ.